ಗುಂಪುಗಟ್ಟಿದ ಕೆಂಪುಕಣಗಳ ಸನ್ನಿಧಾನಕ್ಕೆ

ಜಯನಗರ, ೧೯೬೧ರ ಶ್ರಾವಣ

ನನ್ನ ಮೈಯೊಳಗೆ ಸಪರಿವಾರ ಬಿಡಾರ ಹೂಡಿರುವ ಮಾನ್ಯ ಕೆಂಪು ರಕ್ತಕಣಗಳೇ,

ನನ್ನ ಮನೆಯ ರೊಟ್ಟಿ, ತುಪ್ಪ, ಎರಡು ಹೊತ್ತಿನ ಕಾಫಿಯಿಂದ ಪುಷ್ಟರಾಗಿರುವ ತಮಗೆ ಹೈಸ್ಕೂಲಿನ ಕನ್ನಡ ಪಂಡಿತ ಶಂಭುಲಿಂಗಪ್ಪನ ಅನಂತ ನಮಸ್ಕಾರಗಳು. ಹೊರಗೆ ಬಂದಾಗ ತಾವು ನಡೆದುಕೊಂಡ ರೀತಿಯ ಬಗ್ಗೆ ಒಂದು ಅರಿಕೆ.

ಕಳೆದ ತಿಂಗಳು ನನ್ನ ಹೆಂಡತಿ ಸರ್ವಮಂಗಳೆಗೆ ಹೊಟ್ಟೆಯ ಆಪರೇಷನ್ ಆಗಿ, ಕೂಡಲೇ ರಕ್ತ ಕೊಡದಿದ್ದರೆ ಉಳಿಯುವುದು ಕಷ್ಟವೆಂದಾಗ ನಾನೇ ಮೊದಲು ಕೈ ಚಾಚಿದೆ. ಜೋಯಿಸರು ಜಾತಕ ಕೂಡಿಸಿ ಮಾಡಿಸಿದ ಮದುವೆ, ಹೊಂದದೆ ಎಲ್ಲಿ ಹೋದೀತು? ಆದರೆ ಡಾಕ್ಟರು ಗಾಜಿನ ಮೇಲೆ ಅವಳ ರಕ್ತದ ತಿಳಿಯೊಡನೆ ತಮ್ಮನ್ನು ಬೆರೆಸಿದ್ದೇ ತಡ, ತಾವು ಒಡೆದ ಹಾಲಿನಂತೆ ಗುಂಪುಗುಂಪಾಗಿ ಅಂಟಿಕೊಂಡಿರಿ. ಇದು ಒಳಗೆ ಹೋದರೆ ಪ್ರಾಣಕ್ಕೇ ಅಪಾಯ ಎಂದರು. ಒಡಹುಟ್ಟಿದವನೆಂದು ಎದೆಯುಬ್ಬಿಸಿ ಬಂದ ಅವಳ ಅಣ್ಣ ಕೊಟ್ರಪ್ಪನ ಕಣಗಳೂ, ಅವನ ಹಿಂದೆ ಸಾಲುಗಟ್ಟಿದ ಬಳಗದವರ ಕಣಗಳೂ ತಾವು ಹಾಕಿಕೊಟ್ಟ ಮೇಲ್ಪಂಕ್ತಿಯನ್ನೇ ಅನುಸರಿಸಿದವು.

ಅಂಟಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಕನ್ನಡ ನಡೆಯುವುದೇ ಅದರಿಂದ: ‘ಮನೆ’ಗೆ ‘ಗಳು’ ಅಂಟಿ, ‘ಅಲ್ಲಿ’ ಅಂಟಿ, ‘ಮನೆಗಳಲ್ಲಿ’ ಎಂದಾದರೂ ಯಾರ ಅರ್ಥವೂ ಕೆಡುವುದಿಲ್ಲ. ಇಂಗ್ಲಿಷಿನವರು ಇದಕ್ಕೂ ಕಣಗಳಾದ ತಮ್ಮ ಕಿತಾಪತಿಗೂ ಅಗ್ಲುಟಿನೇಷನ್ ಎಂಬ ಒಂದೇ ಹೆಸರಿಟ್ಟಿದ್ದಾರೆಂದು ಡಾಕ್ಟರಿಂದ ತಿಳಿದಾಗ ನನಗೆ ಮೈಯೆಲ್ಲ ಉರಿಯಿತು. ಪ್ರತ್ಯಯಗಳು ಅಂಟಿ ಮಾತು ಬೆಳೆಸುತ್ತವೆ, ತಾವು ಅಂಟಿ ಆಯುಸ್ಸು ಕಳೆಯುತ್ತೀರಿ.

ಅಷ್ಟರಲ್ಲಿ ಸಾರಕ್ಕಿಯಿಂದ ನಮಗೆ ಹಾಲು ತರುವ ಮುನಿವೆಂಕಟಮ್ಮ, ಮನೆಗೆ ಬೀಗ ಕಂಡು ಆಸ್ಪತ್ರೆಗೇ ಹುಡುಕಿಕೊಂಡು ಬಂದಳು. ಅವಳ ಕೈ ತಗಲಬಾರದೆಂದು ಪಾತ್ರೆಯನ್ನು ಹೊಸಿಲಾಚೆ ಇಟ್ಟು, ಎತ್ತರದಿಂದ ಹಾಲು ಹುಯ್ಯಿಸಿಕೊಳ್ಳುವುದು ಸರ್ವಮಂಗಳೆಯ ಪದ್ಧತಿ. “ನಂದೂ ಒಸಿ ನೋಡಿ ಸೋಮಿ, ನೀರು ಗೀರು ಬೆರೆಸಿಲ್ಲ” ಎಂದು ಅವಳು ಡಾಕ್ಟರ ಮುಂದೆ ತೋಳು ಚಾಚಿದಳು. ಅವಳ ಕಣಗಳು ಎಲ್ಲೂ ಅಂಟದೆ, ಬಿಡಿಬಿಡಿಯಾಗಿ ಹಾಯಾಗಿ ತೇಲಿದವು. ಸರ್ವಮಂಗಳಾ ಉಳಿದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆದಕಾರಣ ತಾವು ಇನ್ನು ಮುಂದೆ ಪ್ರತಿಯೊಂದು ಮದುವೆಯ ಮಾತುಕತೆಗೂ ದಯಮಾಡಿಸಿ, ಜೋಯಿಸರ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತು ತಮ್ಮ ಅಭಿಪ್ರಾಯ ತಿಳಿಸಬೇಕೆಂದೂ, ರಕ್ತಸಂಬಂಧದ ಬಗ್ಗೆ ಕೊಚ್ಚಿಕೊಳ್ಳುವ ಕೊಟ್ರಪ್ಪನಂಥವರಿಗೆ ಮುಂಚಿತವಾಗಿ ನೋಟೀಸು ಕಳಿಸಬೇಕೆಂದೂ ಬೇಡುತ್ತೇನೆ.

ಇಷ್ಟಾದರೂ ತಮ್ಮನ್ನು ಮೈಯಲ್ಲಿಟ್ಟು ಸಾಕುತ್ತಿರುವ,
ತಮ್ಮ ವಿಶ್ವಾಸಿ,
ಶಂಭುಲಿಂಗಪ್ಪ

ಮರುಬರಹ: ಮನೆಗೆ ಮರಳಿದ ಸರ್ವಮಂಗಳಾ ಈ ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಮತ್ತೆ ಹೊಸಿಲಾಚೆಯೇ ಇಟ್ಟಿದ್ದಾಳೆ. ಅವಳ ಮೈಯಲ್ಲಿ ಸುತ್ತುತ್ತಿರುವ ಮುನಿವೆಂಕಟಮ್ಮನ ಕಣಗಳು ಹೇಗೂ ಕೈಯವರೆಗೆ ಹೋಗಿಬರುತ್ತವಷ್ಟೆ. ಪಾತ್ರೆಯನ್ನು ಒಂದು ಗೇಣು ಈಚೆಗೆ ಇಡುವಂತೆ ಅವುಗಳ ಮೂಲಕ ಆ ಕೈಗೊಂದು ಶಿಫಾರಸು ಮಾಡಿಸಿಕೊಡಬೇಕೆಂದು ಪ್ರಾರ್ಥನೆ.