ಒಂದು ಮಾತಿಗೆ ಹನ್ನೊಂದು ಸಾವಿರ ಸಾಲು

“ಎರಡೇ ದಿನ! ಹೆಚ್ಚೆಂದರೆ ಎರಡೂವರೆ!” ಎಂದು ಕನ್ನಡಕದ ಅಂಗಡಿಯ ಯಜಮಾನರು ಊಟದ ಮೇಜನ್ನು ಗುದ್ದಿ ಘೋಷಿಸಿದಾಗ ನೀರಿನ ಲೋಟ ಉರುಳಿತು. ಯುದ್ಧ ಸಾರುತ್ತಿರುವ ಚಕ್ರವರ್ತಿಗೆ ಲೋಟದ ಪರಿವೆ ಎಲ್ಲಿಯದು? ಅವರು ಗೆಲ್ಲಬೇಕಾಗಿದ್ದ ರಾಜ್ಯ ಒಂದು ಹಳೆಯ ಸಿ.ಡಿ.ಯೊಳಗಿತ್ತು. ಹದಿನೈದು ವರ್ಷದ ಹಿಂದೆ ಅವರ ಅಣ್ಣ ತಾನೇ ಕೂತು ಬರೆದ ಎಮ್ಯುಲೇಟರ್ ಅದು. ಅಂದರೆ, ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಹಳೇ ಕಂಪ್ಯೂಟರಿನ ವೇಷ ಕಟ್ಟುವ ಪ್ರೋಗ್ರಾಮ್. ಆಗಿನ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಚೆನ್ನಾಗಿಯೇ ಕುಣಿಯುತ್ತಿತ್ತು. ಈಗಿನದ್ದು ಅದನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿತ್ತು. ಅದನ್ನು ತಿದ್ದಿ ತೀಡಿ, ಹೆಂಡತಿಯ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿಯೇ ತೀರುತ್ತೇನೆಂಬುದು ಯಜಮಾನರ ಪಣ.

“ಇದ್ದಕ್ಕಿದ್ದಂತೆ ಯಾಕೆ?” ಎಂದಳು ಹೆಂಡತಿ, ಚೆಲ್ಲಿದ ನೀರು ಒರೆಸುತ್ತಾ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳಿಗೆ ಯಾರ ಆರ್ಭಟಕ್ಕೂ ಬೆಚ್ಚಿ ಅಭ್ಯಾಸವಿರಲಿಲ್ಲ.

“ಭಾನುವಾರ ಅಣ್ಣ ಬರ್ತಿದ್ದಾನಲ್ಲ, ತೋರಿಸ್ತೀನಿ!”

“ತೋರಿಸೋದು ಹಾಗಿರಲಿ. ‘ತಪ್ಪಾಯ್ತು’ ಅಂತೀರೋ ಇಲ್ವೋ?”

“ಇದನ್ನ ಓಡಿಸಿದ್ರೆ ಅಂದ ಹಾಗೇ ಅಲ್ವೇನೇ? ಕೆಲಸಾನೇ ಮಾತಾಡುತ್ತೆ!”

“ಕೆಲಸಕ್ಕೆ ಬಾಯಿಲ್ಲ ರೀ. ನಿಮಗಿದೆ, ಬೇಕಾದಷ್ಟಿದೆ.”

ತಪ್ಪು ಏನೆಂದರೆ, ಆ ಎಮ್ಯುಲೇಟರ್ ಯಾವ ಕಂಪ್ಯೂಟರಿನ ವೇಷ ಕಟ್ಟುತ್ತಿತ್ತೋ ಆ ಅಸಲಿ ಕಂಪ್ಯೂಟರನ್ನು ಯಜಮಾನರು ಎಂಟು ವರ್ಷದ ಹಿಂದೆ ಗುಜರಿಗೆ ಹಾಕಿದ್ದರು. ಅಣ್ಣ ತಮ್ಮ ಹುಡುಗರಾಗಿದ್ದಾಗ ಟಿ.ವಿ.ಗೆ ಸಿಕ್ಕಿಸಿ, ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂತು ಆಡಿದ ಯಂತ್ರ. ಇಬ್ಬರೂ ಪ್ರೋಗ್ರಾಮ್ ಬರೆಯಲು ಕಲಿತದ್ದೂ ಅದರಲ್ಲೇ. ಅಣ್ಣ ಅದನ್ನು ತಮ್ಮನ ಅಟ್ಟದಲ್ಲಿ ಜೋಪಾನವಾಗಿ ಇಡಿಸಿದ್ದ. ತಮ್ಮ ಒಂದು ದಿನ ಅಟ್ಟ ಗುಡಿಸುವ ಉತ್ಸಾಹದಲ್ಲಿ, ಒಂದು ಮಾತು ಕೇಳದೆ, ಅದನ್ನು ಗುಜರಿಯವನಿಗೆ ಕೊಟ್ಟು ಎರಡು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡ! ಅಣ್ಣ ಬಂದು “ನನ್ನ ಕಂಪ್ಯೂಟರ್ ಎಲ್ಲೋ?” ಎಂದಾಗ ಹಲ್ಲು ಕಿರಿದು ಬಕೆಟ್ ತೋರಿಸಿದ. ಅಣ್ಣ ಬಕೆಟ್ ನೋಡಿದ, ತಮ್ಮನನ್ನು ನೋಡಿದ, ಮೆಟ್ಟಿಲಿಳಿದು ಹೋದ. ಅಲ್ಲಿಗೆ ಮಾತು ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಬಕೆಟ್ಟಿಗೆ ಹೋದ ಅಣ್ಣನನ್ನು ತರಲು ಏನು ಕೊಡಬೇಕೆಂದು ಯಾರೂ ಹೇಳಿಟ್ಟಿಲ್ಲ.

ಹೆಂಡತಿ, ಅತ್ತಿಗೆ, ಹೆಂಗಸರಿಬ್ಬರು ಮಾತ್ರ ಫೋನಿನಲ್ಲಿ ಮಾತು ಬಿಟ್ಟಿರಲಿಲ್ಲ. ಅವರ ಎಂಟು ವರ್ಷದ ಸಂಧಾನದ ಫಲವೇ ಈ ಭಾನುವಾರದ ಊಟ. ಮತ್ತೆ ಕೆಟ್ಟರೆ ಇನ್ನೊಂದು ಸಲ ಕರೆಯುವುದಿಲ್ಲ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಬುಧವಾರ ಯಜಮಾನರು ಅಂಗಡಿಗೆ ಬೀಗ ಜಡಿದು ರಣರಂಗಕ್ಕಿಳಿದರು. ಹನ್ನೊಂದು ಸಾವಿರ ಸಾಲಿನ ಪ್ರೋಗ್ರಾಮ್! ಹೊಸ ಸಿಸ್ಟಮ್ಮಿಗೆ ಉಣಿಸಿದ ಕೂಡಲೇ ಅದು ನಾನೂರ ಹನ್ನೆರಡು ತಪ್ಪು ಪಟ್ಟಿ ಮಾಡಿ ಮುಖಕ್ಕೆ ಎಸೆಯಿತು. ಒಂದು ತಿದ್ದಿದರೆ ಮೂರು ಹುಟ್ಟಿದವು. ಗುರುವಾರ ಮಧ್ಯಾಹ್ನ ಅಂತೂ ಒಂದು ಚಿತ್ರ ಮೂಡಿತು. ಮೂಡಿದ್ದು ಪರದೆಯ ಮೂಲೆಯಲ್ಲಿ, ಅಂಚೆಚೀಟಿಯಷ್ಟು! ಕನ್ನಡಕದ ವ್ಯಾಪಾರಿಯೇ ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ನೋಡಿದರು.

ದೊಡ್ಡದು ಮಾಡಲು ಹೋದರು. ಅದು ಇಡೀ ಪರದೆಯನ್ನೂ ಕೀಬೋರ್ಡನ್ನೂ ನುಂಗಿ ಕೂತುಬಿಟ್ಟಿತು. ಯಾವ ಕೀಲಿ ಒತ್ತಿದರೂ ಹೊರಬರಲು ದಾರಿಯಿಲ್ಲ. ಬಟನ್ ಅದುಮಿ ಆರಿಸಿದರು. ಹೆಂಡತಿ ಬೆಳಗಿನಿಂದ ಟೈಪ್ ಮಾಡಿ ತೆರೆದಿಟ್ಟಿದ್ದ ಮೂವತ್ತು ನರ್ಸ್‌ಗಳ ಡ್ಯೂಟಿ ಪಟ್ಟಿಯೂ ಜೊತೆಗೇ ಆರಿತು.

“ಸೇವ್ ಮಾಡಬಾರದಿತ್ತಾ?” ಎಂದರು ಯಜಮಾನರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

“ನನ್ನ ಲ್ಯಾಪ್‌ಟಾಪು, ನನ್ನ ಪಟ್ಟಿ, ತಪ್ಪೂ ನಂದೇನಾ?” ಎಂದು ಹೆಂಡತಿ ಕಾಗದ ಪೆನ್ನು ಹಿಡಿದು ಕೂತಳು. “ಅಣ್ಣನಿಗೆ ಒಂದು ಫೋನ್ ಮಾಡಿ ಕೇಳಿ ಅಂದ್ರೆ ಕೇಳಲ್ಲ. ಬರೆದವರು ಅವರೇ ತಾನೇ?”

“ನಾನಾ? ಕೇಳೋದಾ? ಅವನಿಗೇ ಆಶ್ಚರ್ಯ ಆಗಬೇಕು ಅಂತ ಮಾಡ್ತಿದ್ದೀನಿ!”

ಶುಕ್ರವಾರ ಸದ್ದಿನ ಸರದಿ. ಹಳೇ ಯಂತ್ರ ಶುರುವಾಗುವಾಗ ಒಂದು ‘ಟೊಂಯ್’ ಎನ್ನುತ್ತಿತ್ತು. ಎಷ್ಟು ಏರಿಸಿದರೂ ಲ್ಯಾಪ್‌ಟಾಪ್ ತುಟಿ ಬಿಚ್ಚಲಿಲ್ಲ. ಇನ್ನಷ್ಟು, ಇನ್ನೂ ಅಷ್ಟು ಏರಿಸಿ, ಹತ್ತು ಸಲ ಒತ್ತಿದರು. ಆಮೇಲೆ ತಿಳಿದದ್ದು, ಸದ್ದೆಲ್ಲಾ ಗಾಳಿಯಲ್ಲಿ ತೇಲಿ ಮೇಲ್ಮನೆಯ ಅಜ್ಜಿಯ ಹೊಸ ಬ್ಲೂಟೂತ್ ಸ್ಪೀಕರಿಗೆ ಹೋಗುತ್ತಿತ್ತು! ಅಜ್ಜಿ ಬೆಂಕಿಯ ಗಂಟೆ ಎಂದುಕೊಂಡು ಪ್ರತಿ ಬಾಗಿಲನ್ನೂ ಬಡಿದರು. ಐದು ನಿಮಿಷದಲ್ಲಿ ಇಡೀ ಕಟ್ಟಡ ಅಂಗಳದಲ್ಲಿತ್ತು. ಒಬ್ಬರ ಮುಖದಲ್ಲಿ ಅರ್ಧ ಕ್ಷೌರ, ಇನ್ನೊಬ್ಬರ ಕಂಕುಳಲ್ಲಿ ಟಿ.ವಿ. ಯಜಮಾನರೂ ಅವರ ಮಧ್ಯೆ ನಿಂತು “ಬೆಂಕಿ ಎಲ್ಲಿ? ಎಲ್ಲಿ?” ಎಂದು ಹುಡುಕಿದರು. ನಿಜ ಗೊತ್ತಾದ ಮೇಲೆ ಅಜ್ಜಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಶನಿವಾರ, ಇಬ್ಬರೂ ಆಡುತ್ತಿದ್ದ ಆಟ ತೆರೆಯಿತು. ಎಡಕ್ಕೊಂದು ಕೋಲು, ಬಲಕ್ಕೊಂದು ಕೋಲು, ನಡುವೆ ಚೆಂಡು. ಎಡಗೋಲು ತಮ್ಮನದು, ಬಲಗೋಲು ಅಣ್ಣನದು. ಶುರು ಎಂದು ಒತ್ತಿದ್ದೇ ತಡ, ಆಟ ಮುಗಿದಿತ್ತು! ಚೆಂಡು ಕಣ್ಣಿಗೇ ಬೀಳಲಿಲ್ಲ. ಯಾಕಪ್ಪಾ ಎಂದು ಮೂಲ ಪ್ರತಿ ತೆಗೆದು ಸಾಲುಸಾಲಾಗಿ ಹುಡುಕಿದರೆ, ಗುರುವಾರ ತಾವೇ ‘ದಂಡ’ ಎಂದು ಕಿತ್ತೆಸೆದ ಒಂದು ತುಂಡು ಸಿಕ್ಕಿತು. ಅದರ ತಲೆಯ ಮೇಲೆ ಅಣ್ಣನ ಟಿಪ್ಪಣಿ: “ಇಲ್ಲಿ ವೇಗ ತಗ್ಗಿಸಲು ಸುಮ್ಮನೆ ಹತ್ತು ಸಾವಿರ ಎಣಿಸುತ್ತದೆ. ದಂಡ ಅಂತ ಕಾಣುತ್ತದೆ, ದಂಡವಲ್ಲ. ಕಿತ್ತು ಹಾಕುವವನು ನನ್ನ ತಮ್ಮನೇ ಆಗಿರುತ್ತಾನೆ.”

ಯಜಮಾನರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಇಷ್ಟು ಬಲ್ಲ ಮನುಷ್ಯನನ್ನು ಎರಡು ಬಕೆಟ್ಟಿಗೆ ಬಿಟ್ಟುಕೊಟ್ಟೆನಲ್ಲಾ ಎಂದುಕೊಂಡರು. ಆದರೂ ಫೋನ್ ಎತ್ತಲಿಲ್ಲ, ಮಹಾರಾಯರು! ಹೊಸ ಯಂತ್ರಕ್ಕೆ ಹತ್ತು ಸಾವಿರ ಎಣಿಸುವುದು ಚಿಟಿಕೆ ಹೊಡೆದಷ್ಟು ಹೊತ್ತಿನ ಕೆಲಸವೂ ಅಲ್ಲ. ಹಾಗಾಗಿ ವೇಗವನ್ನು ಗಡಿಯಾರಕ್ಕೆ ಕಟ್ಟಿ, ಸಂಜೆಯ ಹೊತ್ತಿಗೆ ಚೆಂಡನ್ನು ಮನುಷ್ಯರು ಆಡುವಂತೆ ಮಾಡಿದರು.

ಭಾನುವಾರ ಅತ್ತಿಗೆಯ ಜೊತೆ ಅಣ್ಣ ಬಂದ. ಕಿವಿಯ ಯಂತ್ರಗಳ ರಿಪೇರಿ ಮಾಡುವವನು, ಮೊದಲೇ ಮಿತಭಾಷಿ. ತಲೆಯಲ್ಲಿ ಒಂದೂ ಕಪ್ಪು ಕೂದಲಿರಲಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡ. ಯಾವಾಗ ಹೀಗಾದ? ಯಜಮಾನರಿಗೆ ‘ಈಗಲೇ ಹೇಳಿಬಿಡಲೇ’ ಅನ್ನಿಸಿತು. ಹೇಳುವ ಬದಲು ಲ್ಯಾಪ್‌ಟಾಪ್ ತೆರೆದರು.

‘ಟೊಂಯ್!’ ಕಪ್ಪು ಪರದೆ, ಹಸಿರು ಕರ್ಸರ್. ಅಣ್ಣ ಮುಂದೆ ಬಾಗಿ ಬಹಳ ಹೊತ್ತು ನೋಡಿದ.

“ಕರ್ಸರ್ ಮಿನುಗೋದು ಬೇಗ ಆಯ್ತು,” ಎಂದ ಅಣ್ಣ. ಎಂಟು ವರ್ಷದ ನಂತರದ ಮೊದಲ ಮಾತು!

“ಸರಿಯಾಗೇ ಇದೆ. ಸೆಕೆಂಡಿಗೆ ಎರಡು ಸಲ.”

“ಒಂದೂವರೆ.”

“ಎರಡು! ನಂಗೆ ಚೆನ್ನಾಗಿ ನೆನಪಿದೆ!”

“ನಿಂಗೆ ಯಾವುದು ನೆನಪಿತ್ತು ಹೇಳು, ಇದು ನೆನಪಿರೋಕೆ?”

“ನಾಲ್ಕು ದಿನ ಅಂಗಡಿ ಮುಚ್ಚಿ ಮಾಡಿದ್ದೀನಿ! ಅಷ್ಟು ಗ್ಯಾರಂಟಿ ಇದ್ರೆ ಅಸಲಿ ತಂದು ಪಕ್ಕದಲ್ಲಿಟ್ಟು ತೋರಿಸು, ನೋಡೇಬಿಡೋಣ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಹಣೆಗೆ ಕೈಯಿಟ್ಟುಕೊಂಡಳು. ಅಣ್ಣ ಎದ್ದು ಬಾಗಿಲಿಗೆ ಹೋಗಿ, ಬಾಗಿ ಒಂದು ಚಪ್ಪಲಿ ಹಾಕಿಕೊಂಡ. ಇನ್ನೊಂದು ಹಾಕಿದರೆ ಮುಗಿಯಿತು, ಮತ್ತೆ ಬರುವುದಿಲ್ಲ ಎಂದು ಯಜಮಾನರಿಗೆ ಗೊತ್ತಿತ್ತು. ಓಡಿಹೋಗಿ ಆ ಇನ್ನೊಂದು ಚಪ್ಪಲಿಯನ್ನು ಎತ್ತಿ ಎದೆಗೆ ಅವುಚಿಕೊಂಡರು.

“ತಪ್ಪಾಯ್ತು ಕಣಣ್ಣಾ! ಕೇಳದೆ ಕೊಟ್ಟೆ. ಮೇಲೆ ನಕ್ಕೆ. ಅವತ್ತೇ ಓಡಿಬಂದು ಹೇಳಬೇಕಿತ್ತು, ಅಹಂಕಾರ ಬಿಡಲಿಲ್ಲ. ದಿನಾ ಅಂದ್ಕೋತಿದ್ದೆ, ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ.”

ಅಣ್ಣ ಒಂಟಿ ಕಾಲಲ್ಲಿ ಗೋಡೆ ಹಿಡಿದು ನಿಂತೇ ಇದ್ದ.

“ಚಪ್ಪಲಿ ಕೊಡು. ನೀನೂ ಹಾಕ್ಕೊ. ಊಟ ಆಮೇಲೆ. ನಮ್ಮನೇಲಿ ಅಸಲಿ ಇದೆ, ಪಕ್ಕದಲ್ಲಿಟ್ಟು ನೋಡೋಣ.”

“ಅಸಲಿ?”

“ಅವತ್ತು ಸಂಜೇನೇ ಗುಜರಿಯವನನ್ನ ಹಿಡಿದು ವಾಪಸ್ ತಂದೆ.”

“ಎಂಟು ವರ್ಷದಿಂದ ಇದೆಯಾ! ಹೇಳೋದಲ್ವಾ?”

“ನೀನು ಒಂದು ಮಾತು ಅಂದ್ರೆ ಹೇಳೋಣ ಅಂತ ಕಾದೆ.”

“ನಂಗೆ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು ಕಣೇ,” ಎಂದು ಅತ್ತಿಗೆ ಓರಗಿತ್ತಿಯ ಕಡೆ ನೋಡಿದಳು. ಹೆಡ್ ನರ್ಸ್ ಇಬ್ಬರು ಗಂಡಸರನ್ನೂ, ವಾಸಿಯಾಗದ ಕೇಸುಗಳನ್ನು ನೋಡುವಂತೆ ನೋಡಿದಳು.

ಅಣ್ಣನ ಮನೆ ಬಸ್ಸಿನಲ್ಲಿ ಬರೀ ಇಪ್ಪತ್ತು ನಿಮಿಷ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಅದೇ ಯಂತ್ರ, ಒಂದು ಚೂರು ಧೂಳಿಲ್ಲ. ಆಟ ಆಡಿಸುವ ಎರಡು ಜಾಯ್‌ಸ್ಟಿಕ್ಕೂ ಸವೆದು ನುಣುಪಾಗಿದ್ದವು. ಕರ್ಸರ್ ಮಿನುಗಿತು. ಗಡಿಯಾರ ಹಿಡಿದು ಎಣಿಸಿದರು: ಸೆಕೆಂಡಿಗೆ ಒಂದೂವರೆ. ಯಜಮಾನರು ಎಡಗಡೆಯ ಜಾಯ್‌ಸ್ಟಿಕ್ ಕೈಗೆತ್ತಿಕೊಂಡರು.

“ಅಣ್ಣಾ, ಇದು ಇಬ್ಬರ ಆಟ. ಇಷ್ಟು ವರ್ಷ ಯಾರ ಜೊತೆ ಆಡ್ತಿದ್ದೆ?”

“ಇನ್ಯಾರ ಜೊತೆ?” ಎಂದಳು ಅತ್ತಿಗೆ. “ದಿನಾ ಸಂಜೆ ಒಂದಾಟ. ಬಲಗೈ ಇವರು, ಎಡಗೈ ನೀನು.”

“ಹೌದಾ! ಮತ್ತೆ ಯಾರು ಗೆಲ್ತಿದ್ರು?”

ಅಣ್ಣ ಪರದೆಯಿಂದ ಕಣ್ಣು ಕೀಳದೆ ಹೇಳಿದ: “ನಿನ್ನನ್ನೇ ಗೆಲ್ಲಿಸ್ತಿದ್ದೆ ಕಣೋ. ಸೋತ್ರೆ ಮಾತು ಬಿಡ್ತೀಯಲ್ಲ.”