ಗಂಜಿ ಸಪ್ಪಗಿದೆ ಎಂಬ ದೂರು

ಉಪ್ಪಿನ ಬೆಲೆ ತಿಳಿಯಬೇಕಾದರೆ ಅದನ್ನು ಡಾಕ್ಟರು ಬಿಡಿಸಬೇಕು. ಗದಗಿನ ಡಾಕ್ಟರು ನನ್ನ ಊದಿದ ಕಾಲನ್ನು ಬೆರಳಿನಿಂದ ಒತ್ತಿ, ಬಿದ್ದ ಕುಳಿಯನ್ನು ನೋಡಿ, ಮೂತ್ರಪಿಂಡಗಳು ಸೋತಿವೆ, ಉಪ್ಪು ಬಿಡಿ, ಬೇಳೆ ಕಡಿಮೆ ಮಾಡಿ ಎಂದರು. ರೋಣಕ್ಕೆ ಮರಳುವ ಬಸ್ಸಿನಲ್ಲೇ ನನ್ನ ಹೆಂಡತಿ ಬಸವ್ವ ಉಪ್ಪಿನ ಗಡಿಗೆಯನ್ನು ಎಲ್ಲಿ ಬಚ್ಚಿಡಬೇಕೆಂದು ಯೋಚಿಸಿದಳಂತೆ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ 'ಸಪ್ಪಗೈತಿ' ಎನ್ನುವುದು ನನಗೆ ರೂಢಿಯಾಯಿತು. ಚಿಕ್ಕನರಗುಂದದ ಒಂದು ಮದುವೆಯಲ್ಲಿ ಎಲೆಯ ತುದಿಗೆ ಮೊದಲು ಉಪ್ಪು ಬಡಿಸಿದಾಗ, ಊರು ಬಿಟ್ಟು ಹೋದ ಗೆಳೆಯನನ್ನು ಕಂಡಂತೆ ನೋಡುತ್ತ ಕೂತೆ. ಬಸವ್ವ ಹೆಂಗಸರ ಪಂಕ್ತಿಯಿಂದಲೇ ಕೆಮ್ಮಿದಳು.

ಆ ವರ್ಷ ಊರಿಗೆಲ್ಲ ಫ್ಲೂ ಜ್ವರ ಬಂತು. ಹತ್ತಿ ಪೇಟೆಯಲ್ಲಿ ದಲಾಲಿ ಮಾಡುವ ನಾನು ಅದನ್ನು ಮನೆಗೆ ತಂದು ಬಸವ್ವನಿಗೂ ಹಂಚಿದೆ. ಜ್ವರಕ್ಕೆ ಲಂಘನವೇ ಮದ್ದು ಎಂದರು ಹಿರಿಯರು. ಊರಿನ ದವಾಖಾನೆಯ ಡಾಕ್ಟರು ಮಾತ್ರ, ಸೋತ ಮೈಗೆ ಉಪವಾಸ ಕೂಡದು, ಗಂಜಿಯನ್ನಾದರೂ ಕುಡಿಯದಿದ್ದರೆ ಜ್ವರ ತಡೆಯುವ ಶಕ್ತಿ ಎಲ್ಲಿಂದ ಬರಬೇಕು ಎಂದು ಗದರಿದರು. ನೆರೆಮನೆಯ ಪಾರವ್ವಕ್ಕ ಇಬ್ಬರಿಗೂ ಗಂಜಿ ಕಾಸಿ ತರತೊಡಗಿದಳು. ಉಪ್ಪು ಹಾಕಬಾರದೆಂದು ಬಸವ್ವ ಹಾಸಿಗೆಯಿಂದಲೇ ತಾಕೀತು ಮಾಡಿದ್ದಳು. ನಾನು ಒಂದು ಗುಟುಕು ಕುಡಿದು ರೂಢಿಯಂತೆ ದೂರಿದೆ. ಮರುಹೊತ್ತಿಗೂ ದೂರಿದೆ.

ಜ್ವರ ಇಳಿಯಿತು, ಬಾವು ಏರಿತು. ಕಣ್ಣು ತೆರೆಯಲಾಗದಷ್ಟು ಮುಖ ಊದಿ, ಉಸಿರು ಸಿಕ್ಕಿಕೊಳ್ಳತೊಡಗಿದಾಗ ನಿಜಕ್ಕೂ ಹೆದರಿದೆ. ಬಸವ್ವ ಅಳುತ್ತಿದ್ದಳು. ಡಾಕ್ಟರು ಬಂದು, ಪಾರವ್ವಕ್ಕ ಆಗಷ್ಟೇ ತಂದಿದ್ದ ಗಂಜಿಗೆ ಬೆರಳದ್ದಿ ನೆಕ್ಕಿ ಮುಖ ಕಿವುಚಿದರು.

"ಏನ್ ಮಾಡ್ಲಿರಿ ಸಾಹೇಬ್ರ," ಎಂದಳು ಪಾರವ್ವಕ್ಕ. "ಸಪ್ಪನ್ನ ಗಂಜಿಯಿಂದ ತಾಕತ್ತು ಹ್ಯಾಂಗ ಬರತೈತಿ ಅಂತ ಮೊದಲಿಗೆ ಒಂದೀಟ ಹಾಕಿದ್ದೆ. ಈ ತಮ್ಮ ಹೊತ್ತಹೊತ್ತಿಗೂ ಸಪ್ಪಗೈತಿ ಅಂದ. ನಾನೂ ಹಾಕ್ಕೋತ ಹೋದ್ನಿ."

ಜ್ವರಕ್ಕೆ ನನ್ನ ಮತ್ತು ಬಸವ್ವನ ಇಬ್ಬರ ನಾಲಿಗೆಯೂ ಸತ್ತಿತ್ತು. ಅಷ್ಟು ದಿನ ಹಂಬಲಿಸಿದ ಉಪ್ಪು ಹೊತ್ತುಹೊತ್ತಿಗೆ ಗಂಟಲಿಳಿದು ಹೋಗಿತ್ತು, ನನಗೆ ಗುರುತೇ ಹತ್ತಿರಲಿಲ್ಲ. ಸಾಯುವ ಭಯದ ನಡುವೆಯೂ ಅದಕ್ಕೇ ನನ್ನ ಹೊಟ್ಟೆ ಉರಿಯಿತು.

ಔಷಧಿಯಿಂದ ಬಾವು ಇಳಿದು, ನಾಲಿಗೆಗೂ ಜೀವ ಬಂತು. ಬಸವ್ವ ಎದ್ದು ಅಡಿಗೆ ಮಾಡಿದ ದಿನ ಮೊದಲ ತುತ್ತಿಗೇ ಸಪ್ಪಗೈತಿ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಉಪ್ಪಿನ ನೀರು ಕುಡದಾಗೂ ಹಿಂಗ ಅಂದ್ರಿ. ಇನ್ನ ನಿಮ್ಮ ಮಾತು ಯಾರು ನಂಬಬೇಕ್ರಿ?"

ಪೇಟೆಯಲ್ಲಿ ನನ್ನ ಒಂದು ಮಾತಿಗೆ ಹತ್ತಿಯ ಗಾಡಿಗಳು ತಿರುಗುತ್ತವೆ. ಮನೆಯಲ್ಲಿ ಒಂದು ಚಿಟಿಕೆ ಉಪ್ಪೂ ಅಲುಗುವುದಿಲ್ಲ.