ಪಂಪಿಗೆ ನೀರು ಕುಡಿಸಿದ ಉಗ್ರಾಣಾಧಿಕಾರಿಗಳಿಗೆ

ಸಾಗಣೆ ಕಂಪನಿಯ ಉಗ್ರಾಣಾಧಿಕಾರಿಗಳ ದಿವ್ಯ ಸನ್ನಿಧಿಗೆ, ಏಳನೇ ನಂಬರಿನ ಲಾರಿಯ ಚಾಲಕ ಟೋಪಿ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟಿರುವ ಹೊಸ ಡೀಸೆಲ್ ಫಿಲ್ಟರುಗಳಂತೂ ಧೂಳು ಸೋಕದೆ ಪರಮ ಕ್ಷೇಮದಲ್ಲಿರುವುದನ್ನು ಗಾಜಿನಾಚೆಯಿಂದ ಕಣ್ಣಾರೆ ಕಂಡು ಬಂದಿದ್ದೇನೆ. ಎಂಜಿನ್ನಿಗೆ ಡೀಸೆಲ್ ಒತ್ತುವ ಇಂಜೆಕ್ಷನ್ ಪಂಪ್ ಕೆಟ್ಟದ್ದು ಚಾಲಕನ ಅಜಾಗರೂಕತೆಯಿಂದ ಎಂಬ ತಮ್ಮ ನೋಟಿಸು ತಲುಪಿತು. ಉತ್ತರವನ್ನು ಎಲ್ಲರೂ ಓದುವ ಸೂಚನಾ ಫಲಕಕ್ಕೇ ಅಂಟಿಸುತ್ತಿರುವುದು, ತಮ್ಮ ಕೀರ್ತಿ ಯಾವುದೋ ಕಡತದಲ್ಲಿ ಹೂತುಹೋಗಬಾರದೆಂಬ ಕಳಕಳಿಯಿಂದ ಮಾತ್ರ.

ನಾನು ಫಿಲ್ಟರ್ ಕೇಳಿದ್ದು ಮೂರು ಸಲ. ಕೊನೆಯ ಸಲ ತಾವು ಹಳೆಯದನ್ನೇ ಬೆಳಕಿಗೆ ಹಿಡಿದು, "ಇನ್ನೂ ಗಟ್ಟಿಮುಟ್ಟಾಗಿದೆಯಲ್ಲಯ್ಯ, ಕೊಡವಿ ಹಾಕು" ಎಂದಿರಿ. ಅಂಗಳದಲ್ಲಿ ಮುಚ್ಚಳವಿಲ್ಲದೆ ನಿಂತ ಡೀಸೆಲ್ ಪೀಪಾಯಿಗಳಿಗೆ ಮಳೆನೀರು ಇಳಿಯುತ್ತಿರುವುದನ್ನು ಕಂಡ ನಮ್ಮ ಮುದಿ ಮೆಕ್ಯಾನಿಕ್, "ಸ್ವಾಮಿ, ಆ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ, ನೀರು ಹೋದ್ರೆ ತುಕ್ಕು ಹಿಡಿದು ಕಚ್ಕೊಂಡುಬಿಡುತ್ತೆ" ಎಂದು ಕೈಮುಗಿದಾಗ, "ನೀರು ಅಷ್ಟು ಕೆಟ್ಟದ್ದಾಗಿದ್ರೆ ನಾವೆಲ್ಲ ದಿನಾ ಕುಡೀತೀವೇನಯ್ಯ?" ಎಂದು ಕೇಳಿದಿರಿ. ದಿನ ಬೆಳಗಾದರೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯುವುದು ಕಾಲಹರಣವೆಂದು, ಇಡೀ ತಿಂಗಳ ತಪಾಸಣೆ ಹಾಳೆಗೆ ಒಂದೇ ಬೆಳಿಗ್ಗೆ ರುಜು ಹಾಕಿಸಿಕೊಂಡಿರಿ. ಹಾಕಿದವನು ನಾನು. ಅದೊಂದನ್ನು ತಮ್ಮ ತಲೆಗೆ ಕಟ್ಟಲಾರೆ.

ಪಂಪ್ ಕೆಟ್ಟ ದಿನ ಲಾರಿಯಲ್ಲಿದ್ದದ್ದು ನಾವೆಲ್ಲ ಜೇನಕ್ಕ ಎನ್ನುವ ಹೆಂಗಸಿನ ನಲವತ್ತು ಜೇನುಪೆಟ್ಟಿಗೆಗಳು. ಹೂವಿದ್ದ ಕಡೆಗೆ ಹುಳುಗಳನ್ನು ಒಯ್ಯುವುದೇ ಅವರ ಬದುಕು. "ಲಾರಿ ಓಡ್ತಿದ್ರೆ ಗಾಳಿ ಆಡುತ್ತೆ. ಬಿಸಿಲಲ್ಲಿ ನಿಂತ್ರೆ ಒಳಗೇ ಬೆಂದುಹೋಗ್ತವೆ, ನೋಡ್ಕೊ ತಮ್ಮ" ಎಂದು ಹತ್ತುವಾಗಲೇ ಹೇಳಿದ್ದರು. ಬೋಳು ಗುಡ್ಡದ ಏರಿನಲ್ಲಿ ಎಂಜಿನ್ ಎರಡು ಸಲ ಜಗ್ಗಿ, ಕೆಮ್ಮಿ, ನಿಂತಿತು. ಫಿಲ್ಟರ್ ಬಿಚ್ಚಿದರೆ ಕಂದು ನೀರು. ಅಂಗೈ ಸುಲಿಯುವವರೆಗೆ ಡೀಸೆಲ್ ಎತ್ತುವ ಕೈಪಂಪು ಒತ್ತಿದೆ, ಕೊಳವೆಯಲ್ಲಿ ಸೇರಿದ್ದ ಗಾಳಿ ತೆಗೆದೆ, ಪಂಪ್ ಕಚ್ಚಿಕೊಂಡಿತ್ತು. ಹೊತ್ತು ಏರುತ್ತಿತ್ತು. ನೆರಳೆಂದರೆ ಕೆಳಗಿದ್ದ ಸಣ್ಣ ಸೇತುವೆಯದು. ಇಬ್ಬರೂ ಒಂದೊಂದೇ ಪೆಟ್ಟಿಗೆ ಹೊತ್ತು ಇಳಿದೆವು. ಜೇನಕ್ಕ ಪ್ರತಿಯೊಂದಕ್ಕೂ ಕಿವಿ ಇಟ್ಟರು. ಇಪ್ಪತ್ತೊಂಬತ್ತು ಗುಂಯ್‌ಗುಟ್ಟಿದವು. ಮಿಕ್ಕ ಹನ್ನೊಂದಕ್ಕೆ ಅವರು ಎರಡೆರಡು ಸಲ ಕಿವಿ ಇಟ್ಟರು.

"ನಿಂದೇನೂ ತಪ್ಪಿಲ್ಲ ಬಿಡು, ಯಂತ್ರ ತಾನೇ" ಎಂದರು. ರುಜುವಿನ ವಿಷಯ ಅಂದು ಹೇಳಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು.

ಆದ್ದರಿಂದ ತಮ್ಮಲ್ಲಿ ವಿನಂತಿ: ಡೀಸೆಲ್ಲಿನೊಳಗಿನ ನೀರು ಪಂಪ್ ತಲುಪುವ ಮುನ್ನ ಸ್ವಇಚ್ಛೆಯಿಂದ ಇಳಿದುಹೋಗತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಬೇಕು, ಲಾರಿ ನಿಂತಾಗ ತಮ್ಮ ಮಂಜೂರಾತಿ ಬರುವತನಕ ಉಸಿರು ಬಿಗಿಹಿಡಿಯುವಂತೆ ಜೇನುಹುಳುಗಳಿಗೂ ಅದರ ಪ್ರತಿ ಕಳಿಸಬೇಕು. ಇದು ತ್ರಾಸವೆನಿಸಿದರೆ, ಬೀರುವಿನ ಬೀಗ ತೆಗೆದರೂ ನಡೆದೀತು. ನನ್ನ ಸುಳ್ಳು ರುಜುವಿಗೆ ಕೊಡುವ ಶಿಕ್ಷೆಯನ್ನು ಒಪ್ಪುತ್ತೇನೆ; ಇನ್ನು ಮೇಲೆ ನೀರು ಬಸಿಯದೆ ಗಾಡಿ ಎತ್ತುವುದಿಲ್ಲ.

ಕೆಲಸ ಉಳಿದಿರುವಷ್ಟು ದಿನವೂ
ತಮ್ಮ ವಿಶ್ವಾಸಿ,
ಏಳನೇ ನಂಬರಿನ ಚಾಲಕ

ತಾ.ಕ.: ನಾಳೆ ತಾವು ಗುಡ್ಡದಾಚೆಯ ಹೊಸ ಮನೆಗೆ ಸಾಮಾನು ಸಾಗಿಸಲು ಒಂಬತ್ತನೇ ನಂಬರಿನ ಲಾರಿಯನ್ನು ಗೊತ್ತುಮಾಡಿದ್ದೀರೆಂದೂ, ಮನೆಯವರು ಮುಂದಿನ ಸೀಟಿನಲ್ಲೇ ಕೂರುವರೆಂದೂ ಕೇಳಿದೆ. ಅದೂ ಕುಡಿಯುವುದು ಅದೇ ಪೀಪಾಯಿಗಳ ಡೀಸೆಲ್ಲನ್ನೇ. ಏರಿನಲ್ಲಿ ನಿಂತರೆ ಚಕ್ರಕ್ಕೆ ಕೊಡಲು ಎರಡು ಒಳ್ಳೆಯ ಕಲ್ಲು ಹುಡುಕಿ ಆ ಲಾರಿಯ ಹಿಂಬದಿಯಲ್ಲಿ ಹಾಕಿಟ್ಟಿದ್ದೇನೆ. ಕಲ್ಲಿಗೆ ತಮ್ಮ ರುಜು ಬೇಕಾಗಿಲ್ಲ.